ಮನೆಗೆ ಬಂದ ಕೇರಂ ಬೋರ್ಡು

ಹಿರಿಯರ ಹಗಲು ಕೇಂದ್ರದ ಉಸ್ತುವಾರಿ ಹೊತ್ತ ಮಾನ್ಯರೇ,

ನಾನು ನಂಬಿ ಹೇಳಿದ ಮಾತನ್ನೇ ಕಾರಣವೆಂದು ಬರೆದು ನೀವು ನನ್ನನ್ನು ಹುಕ್ಕೇರಿಯ ಕೇಂದ್ರದಿಂದ ಹೊರಗೆ ಹಾಕಿದ್ದೀರಿ. ಬದಲಿಗೆ ಒಂದು ಕೇರಂ ಬೋರ್ಡು ಮನೆಗೆ ಕಳಿಸಿದ್ದೀರಿ. ದೊಡ್ಡ ಉಪಕಾರವಾಯಿತು. ಎದುರು ಕೂತು ಆಡುವವರನ್ನು ಯಾವ ಟಪಾಲಿನಲ್ಲಿ ಕಳಿಸುತ್ತೀರಿ?

ನನಗೀಗ ಅರವತ್ತಾರು. ಮೂವತ್ತು ವರ್ಷ ನಿಲ್ದಾಣದ ಮೈಕಿನಲ್ಲಿ ಗೋಕಾಕ, ಮೂಡಲಗಿ, ಅಂಕಲಗಿ ಎಂದು ಕೂಗಿ ಜನರನ್ನು ಬಸ್ ಹತ್ತಿಸಿದವನು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ ಬಂದು ಹನ್ನೊಂದು ವರ್ಷವಾಯಿತು. ಓಣಿಯವರು ಲಕ್ವಾ ಎನ್ನುತ್ತಾರೆ, ತಿದ್ದಿ ತಿದ್ದಿ ಸಾಕಾಗಿದೆ. ಮುಂಜಾನೆ ಕೋಲು ಹಿಡಿದು ನಡೆಯುತ್ತೇನೆ, ಬಿಸಿಲೇರಿದರೆ ಕಾಲು ಮಾತು ಕೇಳುವುದಿಲ್ಲ. ಕೈಯಂತೂ ಸದಾ ನಡುಗುತ್ತದೆ. ಕೇಂದ್ರದ ಕೇರಂ ಆಟದಲ್ಲಿ ನನ್ನ ಜೋಡಿಯಾದ ಹೊಳೆಪ್ಪನಿಗೆ ಕೈ ಗಟ್ಟಿ, ಕಣ್ಣು ಮಂಜು. ಹಾಗಾಗಿ ಕಾಯಿ ಎಲ್ಲಿದೆ, ಎಷ್ಟು ಜೋರು ಬೇಕು ಎಂದು ನಾನು ಹೇಳುವುದು, ಅವನು ಹೊಡೆಯುವುದು. ಇದು ಮೋಸ ಎಂದು ಎದುರಾಳಿ ಕಮಲವ್ವ ದಿನಾ ಜಗಳ ತೆಗೆಯುತ್ತಿದ್ದರು, ಮರುದಿನ ಎಲ್ಲರಿಗಿಂತ ಮೊದಲೇ ಬಂದು ಕೂರುತ್ತಿದ್ದರು. ದಿನಾ ಆಡುತ್ತಿದ್ದ ಆ ಎರಡು ತಾಸು ನಾನು ರೋಗಿಯಾಗಿರಲಿಲ್ಲ.

ಮೇ ತಿಂಗಳಲ್ಲಿ ನೀವು ಬಂದಿರಿ. ನಮ್ಮ ಜೊತೆ ಚಹಾ ಕುಡಿದು, “ಕಾಕಾರ, ನಾ ನಿಮ್ಮ ಮಗಾ ಇದ್ದಂಗ. ಏನ್ ತ್ರಾಸ ಐತಿ, ಮನಸ್ ಬಿಚ್ಚಿ ಹೇಳ್ರಿ” ಎಂದಿರಿ. ಮಡದಿಗೂ ಹೇಳದ್ದನ್ನು ನಿಮಗೆ ಹೇಳಿದೆ. ಒಮ್ಮೆ ಸೆಖೆಗೆ ಕೇಂದ್ರದ ಪಾಯಖಾನೆಯಲ್ಲಿ ಬಿದ್ದಿದ್ದೆ, ಗೋಡೆಗೊಂದು ಹಿಡಿಕೆ ಹಾಕಿಸಿದರೆ ಸಾಕು ಎಂದೆ. ನೀವು ತಲೆಯಾಡಿಸಿ ಬರೆದುಕೊಂಡಿರಿ. ಹಿಡಿಕೆ ಬರುತ್ತದೆಂದು ನಾನು ಎಲ್ಲರಿಗೂ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ. ಬಂದದ್ದು ಆದೇಶ: “ಸದರಿಯವರು ಬೀಳುವ ಸಂಭವವಿರುವುದರಿಂದ, ಅವರ ಹಿತದೃಷ್ಟಿಯಿಂದ, ಮನೆಯಲ್ಲಿಯೇ ಮನರಂಜನೆ ಒದಗಿಸತಕ್ಕದ್ದು.” ಬೀಳುವುದಾದರೆ ಮನೆಯಲ್ಲೂ ಬೀಳುತ್ತೇನೆ ಸ್ವಾಮಿ. ಅಲ್ಲಾದರೆ ಎತ್ತಲು ಹತ್ತು ಜನ ಇದ್ದರು. ತಮ್ಮ ತ್ರಾಸು ಮುಚ್ಚಿಟ್ಟವರು ಇಂದಿಗೂ ಒಳಗಿದ್ದಾರೆ, ಖರೆ ಹೇಳಿದವನು ಹೊರಗೆ. ಹನ್ನೊಂದು ವರ್ಷದಲ್ಲಿ ರೋಗವೂ ನನಗೆ ಇಷ್ಟು ನೋವು ಕೊಟ್ಟಿರಲಿಲ್ಲ.

ಮೊನ್ನೆ ಹೊಳೆಪ್ಪ ಗೋಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಕೇಂದ್ರದಲ್ಲಿ ಅವನನ್ನು ಆಟಕ್ಕೆ ಸೇರಿಸಿಕೊಳ್ಳುವವರೇ ಇಲ್ಲವಂತೆ. “ನೀವಿಲ್ದ ನಾ ಎಲ್ಲಿ ಹೊಡಿಲ್ರಿ, ಅಣ್ಣಾರ?” ಎಂದ. ನಿಮ್ಮ ಬೋರ್ಡು ಹಾಕಿಕೊಂಡು ಕೂತೆವು. ಎದುರು ಯಾರೂ ಇರಲಿಲ್ಲವಾಗಿ ಎರಡು ಆಟ ನಾವೇ ಗೆದ್ದೆವು. ಮೂರನೆಯದನ್ನು ಆಡಲು ಇಬ್ಬರಿಗೂ ಮನಸ್ಸಾಗಲಿಲ್ಲ.

ಆದೇಶವನ್ನು ಹಿಂದಕ್ಕೆ ಪಡೆಯಿರಿ. ಪಾಯಖಾನೆಗೆ ಹಿಡಿಕೆ ಹಾಕಿಸಿ. ಬೋರ್ಡನ್ನು ಒಯ್ಯಿರಿ. ಇನ್ನು ಮುಂದೆ ಯಾವ ಮುದುಕರ ಎದುರೂ ಮಗನಂತೆ ಬಂದು ಕೂರಬೇಡಿ. ಅಧಿಕಾರಿಯಾಗಿಯೇ ಕೇಳಿ, ನಾವೂ ನೋಡಿಕೊಂಡು ಮಾತಾಡುತ್ತೇವೆ.

ಇಂತಿ,
ಚಹಾ ಕುಡಿಸಿ ಬಾಯಿಬಿಟ್ಟ ತಪ್ಪಿಗೆ ಮನೆಯಲ್ಲಿ ಕೂತಿರುವ,
ಧರಣೇಂದ್ರ
ನಿವೃತ್ತ ಬಸ್ ಕಂಟ್ರೋಲರ್, ಹುಕ್ಕೇರಿ