ಅಜ್ಜಿ ಹೇಳೋದು ಹೀಗೇ

ಮನೆಯಿಂದ,
ಮಾರ್ಚ್ ಹದಿನಾಲ್ಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಳಿಯಂದಿರಿಗೆ,

ಹೇಗಿದ್ದೀರಿ? ಮಣಿಕಟ್ಟಿನ ಸುಟ್ಟಗಾಯ ಮಾಯ್ತಾ? ಒಲೆಯಿಂದ ತೆಗೆದ ತಟ್ಟೆ ತಾಗಿತು ಅಂತ ಗಿಣಿ ಹೇಳಿದಳು. ಇಷ್ಟು ವರ್ಷ ಬೇಕರಿಯಲ್ಲಿ ದುಡಿದವರು ಕೈಗೆ ಬಟ್ಟೆ ಸುತ್ತಿಕೊಳ್ಳದೆ ಒಲೆಗೆ ಕೈ ಹಾಕ್ತಾರಾ? ಹಿಟ್ಟಿನ ಧೂಳಿಗೆ ಕೆಮ್ಮು ಹೆಚ್ಚಾಗಿದೆ ಅಂತಲೂ ಹೇಳಿದಳು. ಬಿಸಿನೀರು ಕುಡೀರಿ, ಮೂಗಿಗೆ ಏನಾದರೂ ಕಟ್ಟಿಕೊಳ್ಳಿ. ನಾನು ಚೆನ್ನಾಗಿದ್ದೀನಿ. ಮಂಡಿ ಮಾತ್ರ ನನ್ನ ಮಾತು ಕೇಳೋದು ಬಿಟ್ಟಿದೆ. ಮೊಣಕಾಲೂರಿ ಪ್ರಾರ್ಥನೆಗೆ ಕೂತರೆ ಮತ್ತೆ ಏಳಿಸೋಕೆ ಗಿಣಿ ಬರಬೇಕು, ಅವಳೋ 'ಒಂದು, ಎರಡು, ಮೂರು' ಅಂತ ಎಣಿಸಿ ಗಾಡಿ ತಳ್ಳಿದ ಹಾಗೆ ತಳ್ತಾಳೆ. ಆಸ್ಪತ್ರೆಯ ಕೆಲಸ ಹಾಗೇ ನಡೀತಿದೆ. ದಿನಕ್ಕೆ ಇನ್ನೂರು ಹೊದಿಕೆ, ಇನ್ನೂರು ದಿಂಬಿನ ಚೀಲ, ಎಲ್ಲಕ್ಕೂ ಇಸ್ತ್ರಿ.

ಕಾಗದ ನೋಡಿ ನಿಮಗೆ ಗಾಬರಿ ಆಗಿರುತ್ತೆ. ಗಾಬರಿ ಬೇಡ, ನಿಮ್ಮ ಮಗಳು ಗಿಣಿ ಗುಂಡುಕಲ್ಲಿನ ಹಾಗಿದ್ದಾಳೆ. ಪ್ರತಿ ಭಾನುವಾರ ಸಂಜೆ ನೀವು ಫೋನ್ ಮಾಡ್ತೀರಿ, ನಾನು ಅದನ್ನ ಅವಳ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೀತೀನಿ. ನಾಲ್ಕು ವರ್ಷದಿಂದ ಇದೇ ಆಯ್ತು. ಈಗ ಹೇಳಬೇಕಾದ ಮಾತಿದೆ, ಆದರೆ ಫೋನಿನಲ್ಲಿ 'ಹಲೋ' ಅನ್ನೋದರೊಳಗೆ ಅದು ಗಿಣಿಯ ಕೈಗೆ ದಾಟಿರುತ್ತೆ. ಅದಕ್ಕೇ ಪೆನ್ನು ಹಿಡಿದೆ. ಅಕ್ಷರ ಕಾಗೆ ಕಾಲಿನ ಹಾಗಿದ್ದರೆ ಕ್ಷಮಿಸಿ. ನೋಡಿ, ಈ ಪದ ಎಷ್ಟು ಸುಲಭವಾಗಿ ಬಂತು! ಬೇಕಾದ ಕಡೆ ಮಾತ್ರ ಬರಲ್ಲ.

ಮದುವೆಯಾದ ಹೊಸತರಲ್ಲಿ ನೀವೇ ಹೇಳಿದ್ರಿ: ಅತ್ತೆ, ನನಗೆ ಅಮ್ಮ ಇಲ್ಲ, ನೀವು 'ಬನ್ನಿ, ಕೂತ್ಕೊಳ್ಳಿ' ಅಂದರೆ ಯಾರೋ ಸಾಹೇಬರನ್ನ ಕರೆದ ಹಾಗಾಗುತ್ತೆ ಅಂತ. ಅವತ್ತಿಂದ ನೀವು ನನಗೆ 'ನೀನು' ಆದ್ರಿ. ತಟ್ಟೆಯಲ್ಲಿ ಬಿಟ್ಟರೆ ಬೈದೆ, ಕೂದಲು ಬೆಳೆಸಿದರೆ ಬೈದೆ. ಅಮ್ಮನಿಗೆ ಈಗ ನನಗಿಂತ ಅವರೇ ಹೆಚ್ಚು ಅಂತ ನನ್ನ ಮಗಳು ಮುಖ ಊದಿಸ್ತಿದ್ದಳು. ಆಮೇಲೆ ಅವಳನ್ನ ಮಣ್ಣು ಮಾಡಿ ಬಂದ ದಿನ ನೀವು ಹಣೆಗೆ ಪಟ್ಟಿ ಕಟ್ಟಿಕೊಂಡು ಇದೇ ಬಾಗಿಲಲ್ಲಿ ನಿಂತಿದ್ರಿ. ಕಾರು ಓಡಿಸುವಾಗ ಕಣ್ಣು ಹತ್ತಿತು, ತಪ್ಪು ನನ್ನದೇ ಅಂತ ಬಂದವರಿಗೆಲ್ಲ ಹೇಳಿ ಹೇಳಿ ನಿಮ್ಮ ದನಿಯೇ ಹೋಗಿತ್ತು. ನನ್ನನ್ನ ಮಾತ್ರ ಒಂದು ಪ್ರಶ್ನೆ ಕೇಳಿದ್ರಿ: ಅವತ್ತು ಅವಳಿಗೆ ಯಾಕೆ ಅಷ್ಟು ಅವಸರ ಇತ್ತು ಅತ್ತೆ? ನಾನು 'ನೀವಿನ್ನು ಹೊರಡಿ, ಮಗು ಇಲ್ಲೇ ಇರಲಿ' ಅಂದೆ. 'ಹೊರಡು' ಅಂತ ಕೂಗಾಡಿದ್ದರೆ ನೀವು ಹೋಗ್ತಿರಲಿಲ್ಲ, ನನಗೆ ಗೊತ್ತು. 'ಹೊರಡಿ' ಅಂದಿದ್ದಕ್ಕೇ ಹೋದ್ರಿ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಆ ವಾರದಿಂದಲೇ ನಾನು ಚರ್ಚಿನಲ್ಲಿ ಎಲ್ಲರೂ ಸೇರಿ ಹೇಳೋ ಕರ್ತನ ಪ್ರಾರ್ಥನೆಯಲ್ಲಿ ಒಂದು ಸಾಲು ಬಿಟ್ಟೆ. ಪರಲೋಕದ ತಂದೆಯನ್ನ ಕರೀತಿದ್ದೆ. ಇವತ್ತಿನ ಅನ್ನ ಕೊಡಪ್ಪ ಅಂತ ಎಲ್ಲರಿಗಿಂತ ಜೋರಾಗಿ ಕೇಳ್ತಿದ್ದೆ, ಕೇಳೋಕೆ ಬಾಯಿಗೇನು ಬರ? ಅದಾದ ಮೇಲೆ ನಮಗೆ ತಪ್ಪು ಮಾಡಿದವರನ್ನ ನಾವು ಕ್ಷಮಿಸಿದ ಹಾಗೆ ನಮ್ಮ ತಪ್ಪನ್ನೂ ಕ್ಷಮಿಸು ಅಂತ ಬರುತ್ತಲ್ಲ, ಅಲ್ಲಿ ತುಟಿ ಬಿಗಿಹಿಡಿದು ನಿಂತು, ನಮ್ಮನ್ನ ಶೋಧನೆಯೊಳಗೆ ಸೇರಿಸಬೇಡ ಅನ್ನೋ ಮುಂದಿನ ಸಾಲಿಗೆ ಮತ್ತೆ ಸೇರಿಕೊಳ್ತಿದ್ದೆ. ಅಷ್ಟು ಜನರ ನಡುವೆ ಒಂದು ಮುದುಕಿಯ ದನಿ ಕಮ್ಮಿಯಾದರೆ ಯಾರಿಗೆ ಗೊತ್ತಾಗುತ್ತೆ? ದೇವರ ಮುಂದೆ ಸುಳ್ಳು ಹೇಳೋದಕ್ಕಿಂತ ಸುಮ್ಮನಿರೋದು ವಾಸಿ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮನೆಯ ಪ್ರಾರ್ಥನೆಯಲ್ಲೂ ಅದೇ ರೂಢಿಯಾಯ್ತು. ಮನೆಯಲ್ಲಿ ನನ್ನ ಪಕ್ಕ ಒಬ್ಬಳು ಕೂತು ಕೇಳ್ತಿರ್ತಾಳೆ ಅನ್ನೋದು ತಲೆಗೇ ಹೊಳೀಲಿಲ್ಲ. ಕೇಳಿದ್ದನ್ನೆಲ್ಲ ಹಾಗೇ ಒಪ್ಪಿಸ್ತಾಳೆ ಅಂತ ನೀವೇ ತಾನೇ ಅವಳಿಗೆ ಗಿಣಿ ಅಂತ ಹೆಸರಿಟ್ಟಿದ್ದು!

ಹೋದ ಭಾನುವಾರ ಚರ್ಚಿನಲ್ಲಿ ಮಕ್ಕಳ ಸರದಿ. ಸಂಡೆ ಸ್ಕೂಲಿನ ಟೀಚರಮ್ಮ ಪ್ರಾರ್ಥನೆ ನಡೆಸೋಕೆ ನಮ್ಮ ಗಿಣಿಯನ್ನ ಮೈಕಿನ ಮುಂದೆ ಸ್ಟೂಲಿನ ಮೇಲೆ ನಿಲ್ಲಿಸಿದರು. ನೀವು ಕಳಿಸಿದ ಬಿಳಿ ಫ್ರಾಕು ಹಾಕಿದ್ದಳು, ನಾನೇ ಇಸ್ತ್ರಿ ಮಾಡಿದ್ದೆ, ಒಂದು ಸುಕ್ಕೂ ಇರಲಿಲ್ಲ. ಏಳು ವರ್ಷದ ಮಗು ಗಂಟೆ ಬಾರಿಸಿದ ಹಾಗೆ ಹೇಳ್ತಿದ್ದಳು, ನಾನು ಹೆಮ್ಮೆಯಿಂದ ಉಬ್ಬಿಹೋಗಿದ್ದೆ. ಅನ್ನ ಕೇಳಿ ಮುಗಿಸಿದಳು, ಸೀದಾ ಶೋಧನೆಗೆ ಹಾರಿದಳು. ಸಭೆಯವರು ಅಭ್ಯಾಸಬಲದಿಂದ ಕ್ಷಮೆಯ ಸಾಲು ಹೇಳ್ತಿದ್ದಾರೆ, ಇವಳು ಮೈಕಿನಲ್ಲಿ ಮುಂದಕ್ಕೆ ಓಡ್ತಿದ್ದಾಳೆ. ಎಲ್ಲಾ ಕಲಸುಮೇಲೋಗರ ಆಗಿ ಪ್ರಾರ್ಥನೆ ನಿಂತೇಹೋಯ್ತು. ಟೀಚರಮ್ಮ ಮೆಲ್ಲಗೆ, ಮರಿ, ಒಂದು ಸಾಲು ಬಿಟ್ಟೆಯಲ್ಲ ಅಂದರು. ಇವಳು ಮೈಕಿಗೇ ಬಾಯಿಟ್ಟು, 'ಇಲ್ಲ ಟೀಚರ್, ನಮ್ಮನೇಲಿ ಅಜ್ಜಿ ಹೇಳೋದು ಹೀಗೇ' ಅಂದಳು. ಇಡೀ ಚರ್ಚು ನಕ್ಕಿತು. ಮಗು ಅಂತ ನಕ್ಕರು, ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ನನ್ನ ಕೈ ತಾನಾಗಿ ಬಾಯಿಗೆ ಹೋಯ್ತು.

ಮನೆಗೆ ಬಂದವಳೇ ಆ ಸಾಲು ಕಲಿಸು ಅಂತ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಹೇಳು ಅಂದರೆ ನನಗೇ ನಾಲಿಗೆ ಹೊರಳಲಿಲ್ಲ. ಕೊನೆಗೆ ಪುಸ್ತಕದಲ್ಲಿ ಬೆರಳಿಟ್ಟು ತೋರಿಸಿದೆ. ಅಕ್ಷರ ಕೂಡಿಸಿಕೊಂಡು ಓದಿ, ನಿನಗೆ ಯಾರು ತಪ್ಪು ಮಾಡಿದ್ದು ಅಜ್ಜಿ ಅಂತ ಕೇಳಿದಳು. ನಿಮ್ಮದೇ ಕಣ್ಣು ಅವಳಿಗೆ. ಆ ಕಣ್ಣನ್ನ ನೋಡಿಕೊಂಡು ನಿನ್ನ ಅಪ್ಪ ಅಂತ ಹೇಗೆ ಹೇಳಲಿ? ಹಾಲು ಉಕ್ಕುತ್ತೆ ಅಂತ ಎದ್ದು ಹೋದೆ. ಒಲೆಯ ಮೇಲೆ ಹಾಲೂ ಇರಲಿಲ್ಲ, ಏನೂ ಇರಲಿಲ್ಲ. ನನ್ನ ಹಟ ನನ್ನ ಜೊತೆ ಮಣ್ಣಾಗುತ್ತೆ ಅಂದುಕೊಂಡಿದ್ದೆ ಅಳಿಯಂದಿರೇ. ಅದನ್ನ ಈ ಮಗುವಿನ ಬಾಯಿಗೆ ತುತ್ತು ಮಾಡಿ ಇಟ್ಟಿದ್ದೀನಿ ಅಂತ ಗೊತ್ತಾದಾಗ ನನಗೆ ನನ್ನ ಮೇಲೇ ಹೇಸಿಗೆ ಆಯ್ತು.

ಬುಧವಾರ ಇಸ್ತ್ರಿ ಕೋಣೆಯಲ್ಲಿ, ಜೊತೆಯವಳು ಗಾಡಿ ತಳ್ಳಿಕೊಂಡು ವಾರ್ಡಿಗೆ ಹೋಗಿದ್ದಾಗ, ಬಾಗಿಲು ಮುಂದೆ ಮಾಡಿ ಆ ಸಾಲನ್ನ ಗಟ್ಟಿಯಾಗಿ ಹೇಳಿದೆ. ಒಂದೊಂದು ಹೊದಿಕೆಗೆ ಒಂದೊಂದು ಪದ. ನಮ್ಮ ಭಾಷೆಯಲ್ಲಿ ಆ ಸಾಲು ಬೇರೆಯವರ ತಪ್ಪಿನಿಂದ ಶುರುವಾಗಿ ನಮ್ಮ ತಪ್ಪಿಗೆ ಬಂದು ನಿಲ್ಲುತ್ತೆ, ಗಮನಿಸಿದ್ದೀರಾ? ನಾನು ನಾಲ್ಕು ವರ್ಷ ಹೊಸಲಲ್ಲೇ ಜಗಳಕ್ಕೆ ನಿಂತಿದ್ದೆ, ಒಳಗೆ ಕಾಲಿಟ್ಟಿರಲೇ ಇಲ್ಲ. ಮೊದಲ ಅರ್ಧ ಹಲ್ಲು ಕಿತ್ತ ಹಾಗೆ ಬಂತು, ಆದರೂ ಬಂತು. ಎರಡನೇ ಅರ್ಧಕ್ಕೆ ಬಂದವಳು ಹೊದಿಕೆಗಳ ರಾಶಿ ಮೇಲೆ ಕೂತುಬಿಟ್ಟೆ. ಜೊತೆಯವಳು ಬಂದು ಏನಾಯ್ತಕ್ಕ ಅಂದಳು, ಆವಿ ತಾಗಿತು ಕಣೇ ಅಂದೆ. ಇಷ್ಟು ವರ್ಷ ದೇವರ ಹತ್ತಿರ ಮಾತಾಡ್ತಿದ್ದೀನಿ ಅಂದುಕೊಂಡಿದ್ದೆ. ನಿಮ್ಮ ಫೋನಿಗೆ ಮಾಡೋದನ್ನೇ ಅವನಿಗೂ ಮಾಡಿದ್ದೆ, ಮಗುವಿನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿದ್ದೆ. ಅವತ್ತು ಅವನು ಹತ್ತಿರ ಬಂದ, ಅಥವಾ ನಾನೇ ಹೋದೆನೋ. ಸಮಾಧಾನ ಸಿಕ್ಕಿತು ಅಂತ ತಿಳ್ಕೋಬೇಡಿ. ನಾಚಿಕೆ ಆಯ್ತು. ಹತ್ತಿರ ಬಂದವರಿಗೆ ತಾನೇ ನಮ್ಮ ಮುಖ ಸರಿಯಾಗಿ ಕಾಣೋದು.

ಇವತ್ತು ಚರ್ಚಿನಲ್ಲಿ ಪೂರ್ತಿ ಹೇಳಿದೆ. ಗಿಣಿ ಕತ್ತೆತ್ತಿ ನನ್ನ ಬಾಯಿಯನ್ನೇ ನೋಡ್ತಿದ್ದಳು, ಪರೀಕ್ಷೆ ಮಾಡೋ ಮೇಷ್ಟ್ರ ಹಾಗೆ. ಬರುವ ತಿಂಗಳ ಎರಡನೇ ಭಾನುವಾರ ಅವಳಿಗೆ ಮತ್ತೆ ಮೈಕು ಕೊಡ್ತಾರಂತೆ. ಅಪ್ಪ ಬಂದು ಮುಂದಿನ ಬೆಂಚಿನಲ್ಲಿ ಕೂರಬೇಕು ಅಂತ ಅವಳ ಹಟ. ನನ್ನದೂ ಅದೇ ಆಸೆ. ಅವಳ ಅಮ್ಮನ ಹಾಡಿನ ಪುಸ್ತಕ ಇಲ್ಲೇ ಇದೆ, ನಿಮ್ಮ ಹಳೇ ಸ್ವೆಟರೂ ಒಗೆದು ಮಡಿಸಿಟ್ಟಿದ್ದೀನಿ.

ಉರಿವ ಒಲೆಯ ಮುಂದೆ ನಿಲ್ಲೋ ನಿಮ್ಮ ಕೈಯನ್ನ ಕರ್ತನು ಕಾಯಲಿ.

ಇಂತಿ,
ಗಿಣಿಯ ಅಜ್ಜಿ

ಮರೆತ ಮಾತು: ಮರೆತಿರಲಿಲ್ಲ, ಸುಳ್ಳು. ಲಕೋಟೆ ಅಂಟಿಸಿ ಮತ್ತೆ ಹರಿದೆ. ನೀನು ಕೇಳಿದ್ದೆಯಲ್ಲ, ಅವಳಿಗೆ ಯಾಕೆ ಅಷ್ಟು ಅವಸರ ಅಂತ. ಅವಳಿಗೆ ಅವಸರ ಇರಲಿಲ್ಲ ಮಗನೇ. ಬೆಳಿಗ್ಗೆ ಆರಕ್ಕೆ ಅವಳು ಫೋನ್ ಮಾಡಿದ್ದಳು. ಅವರು ರಾತ್ರಿ ಪಾಳಿ ಮುಗಿಸಿ ಈಗ ತಾನೇ ಬಂದರು, ಎರಡು ಗಂಟೆ ಮಲಗಲಿ, ಮಧ್ಯಾಹ್ನದ ಹೊತ್ತಿಗೆ ಬರ್ತೀವಿ ಅಮ್ಮ ಅಂದಳು. ಅವತ್ತು ನನಗೆ ಅರವತ್ತು ತುಂಬಿತ್ತು, ಹತ್ತು ಗಂಟೆ ಆರಾಧನೆಯಲ್ಲಿ ನನ್ನ ಮಗಳು ಹಾಡ್ತಾಳೆ ಅಂತ ಊರಿಗೆಲ್ಲ ಸಾರಿದ್ದೆ. 'ಒಂದು ಲೋಟ ಕಾಫಿ ಕುಡಿಸಿ ಹೊರಡಿಸು, ಅಷ್ಟಕ್ಕೆಲ್ಲ ಯಾರೂ ಸುಸ್ತಾಗಲ್ಲ' ಅಂದವಳು ನಾನು. ನಾನು ಹೇಳಿದೆ ಅಂತ ಅವಳು ನಿನಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ, ನಾಲ್ಕು ವರ್ಷ ತಪ್ಪನ್ನೆಲ್ಲ ನಿನ್ನೊಬ್ಬನ ತಲೆ ಮೇಲೇ ಬಿಟ್ಟೆ. ಇದನ್ನ ತಿಳಿದ ಮೇಲೂ ಮನಸ್ಸಾದರೆ ಬಾ, ರಾತ್ರಿ ಪೂರ್ತಿ ಮಲಗಿ ಎದ್ದು ಬಾ. ಮನಸ್ಸಾಗದಿದ್ದರೆ ಭಾನುವಾರ ಫೋನ್ ಮಾಡು. ನಾನೇ ಎತ್ತಿ ಮಾತಾಡ್ತೀನಿ. ಅಡುಗೆಮನೆಗೆ ಹೋಗಲ್ಲ, ನೀನು ಏನೇ ಅಂದರೂ ನಿಂತು ಕೇಳ್ತೀನಿ.