ಮರಿಯಮ್ಮನ ಮಾತಿಲ್ಲದ ವಿಡಿಯೊ

೨೧ ಮಾರ್ಚ್ ೨೦೨೫, ಶುಕ್ರವಾರ. ಬನಶಂಕರಿ

ವಿಡಿಯೊ ನೋಡಲು ಕಾಲೇಜಿಗೆ ನಮ್ಮೂರ ಮರಿಯಮ್ಮನನ್ನು ಕರೆದುಕೊಂಡು ಹೋದವನು ನಾನೇ. ಸಿಟ್ಟು ಇನ್ನೂ ಇಳಿದಿಲ್ಲ.

ಇಪ್ಪತ್ತು ವರ್ಷದ ಹಿಂದೆ ನಮ್ಮ ಕೆರೆಯ ಕಾಲುವೆಯನ್ನು ಯಾರೋ ಮುಚ್ಚಿಸಿದಾಗ ನಾನು ಏಳು ಅರ್ಜಿ ಬರೆದಿದ್ದೆ. ಅದನ್ನು ಕಣ್ಣಾರೆ ಕಂಡವಳು ಈಕೆಯೊಬ್ಬಳೇ. ಹೆದರಿ ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ಕಳೆದ ತಿಂಗಳು ನನ್ನ ಒತ್ತಾಯಕ್ಕೆ, ಕಾಲೇಜಿನ ಪಾಠಕ್ಕೆಂದು ವಿಡಿಯೊ ಮಾಡುತ್ತಿದ್ದ ಶಿಲ್ಪಶ್ರೀ ಎಂಬ ವಿದ್ಯಾರ್ಥಿನಿಯ ಫೋನಿನ ಮುಂದೆ ಮುಚ್ಚಿಸಿದವನ ಹೆಸರು ಹೇಳಿದಳು.

ಇವತ್ತು ತರಗತಿಯಲ್ಲಿ ಆ ವಿಡಿಯೊ ತೋರಿಸಿದರು. ಪರದೆಯ ತುಂಬ ಮರಿಯಮ್ಮನ ಮುಖ, ಸ್ಲೋ ಮೋಷನ್‌ನಲ್ಲಿ. ಕೇಳಿಸಿದ್ದು ಬರೀ ಪಿಟೀಲು.

“ಬಾಯಿ ಆಡ್ತೈತೆ, ಮಾತೇ ಕೇಳ್ತಾ ಇಲ್ವಲ್ಲ ಸಾಮಿ?” ಎಂದು ಪಕ್ಕದಲ್ಲಿ ಕೂತಿದ್ದ ಮರಿಯಮ್ಮ ಪಿಸುಗುಟ್ಟಿದಳು.

ನೋಡಿದ ಸಹಪಾಠಿಗಳು ಎರಡು ಮೆಚ್ಚುಗೆ, ಒಂದು ಸಲಹೆ ಹೇಳಬೇಕಂತೆ. “ಅಜ್ಜಿ ಸುಕ್ಕೆಲ್ಲಾ ಸಖತ್ತಾಗಿ ಬಂದಿದೆ ಮಗಾ,” ಎಂದ ಒಬ್ಬ. ಶೀರ್ಷಿಕೆಯ ಅಕ್ಷರದ ಬಣ್ಣ ಬದಲಿಸು ಎಂದಳು ಇನ್ನೊಬ್ಬಳು. ಇಪ್ಪತ್ತೆರಡು ಜನರಲ್ಲಿ ಒಬ್ಬರಿಗೂ ಆಕೆ ಏನು ಹೇಳುತ್ತಿದ್ದಾಳೆಂದು ಕೇಳಬೇಕೆನಿಸಲಿಲ್ಲ.

ನಾನು ಎದ್ದು ನಿಂತೆ. ಮೇಷ್ಟ್ರು ನಂದಕುಮಾರ್ ತಡೆದರು: “ಸಾರ್, ಮೊದ್ಲು ಎರಡು ಮೆಚ್ಚುಗೆ ಹೇಳಿ.”

“ಆಯಮ್ಮನ ಮಾತೆಲ್ಲಿ?” ಎಂದೆ.

“ಮ್ಯೂಸಿಕ್ ಫೀಲ್ ಹಾಳಾಗ್ತಿತ್ತು ಅಂಕಲ್, ಮ್ಯೂಟ್ ಮಾಡ್ದೆ,” ಎಂದಳು ಶಿಲ್ಪಶ್ರೀ. “ಒರಿಜಿನಲ್ ಡಿಲೀಟ್ ಮಾಡ್ಬಿಟ್ಟೆ. ಫೋನ್ ಫುಲ್ ಆಗಿತ್ತು.”

ಇನ್ನೊಮ್ಮೆ ಹೇಳಮ್ಮ, ನಾನೇ ಬರೆದುಕೊಳ್ಳುತ್ತೇನೆ ಎಂದು ವಾಪಸ್ ಬರುವಾಗ ಆಟೋದಲ್ಲಿ ಮರಿಯಮ್ಮನನ್ನು ಬೇಡಿಕೊಂಡೆ.

“ಅವತ್ತು ಹೇಳಿದ್ ಮ್ಯಾಕೆ ಮೂರು ದಿನ ನಿದ್ದೆ ಇಲ್ಲ ಸಾಮಿ. ಇನ್ನು ಕೇಳ್ಬ್ಯಾಡಿ.”

ಅವತ್ತು ಪಕ್ಕದಲ್ಲೇ ಕೂತು ಕೇಳಿದ್ದರಿಂದ ಆ ಹೆಸರು ನನಗೆ ಗೊತ್ತಿದೆ. ಇಲ್ಲಿ ಬರೆಯಲೂಬಹುದು. ಆದರೆ ಸಾಕ್ಷಿ ಹೇಳಲು ಕಂಡವನು ನಾನಲ್ಲ.