ಆಷಾಢದ ಸಂಬಳ

ಸಿದ್ದಣ್ಣಾ,

ಚನ್ನರಾಯಪಟ್ಟಣದ ಆ ಬೀಗರೂಟ ನಮಗೆ ಎಷ್ಟಕ್ಕೆ ಬಿತ್ತು, ನೆನಪಿದೆಯಾ? ಪಾತ್ರೆಯವನ ಜೊತೆ ಹಾಸನದಲ್ಲಿ ಅರ್ಧ ದಿನ ಚೌಕಾಸಿ, ಶಾಮಿಯಾನದವನ ಮನೆಯಲ್ಲಿ ಬೇಡದ ಕಾಫಿ, ಮುದ್ದೆ ಕಟ್ಟೋ ಕೆಂಪಮ್ಮನನ್ನು ಒಪ್ಪಿಸೋಕೆ ಅರಕಲಗೂಡಿಗೆ ಬಸ್ಸು, ನಿನ್ನ ಗಂಟಲು, ನನ್ನ ನಿದ್ದೆ. ಕೂಲಿ ಆಮೇಲಿನ ಮಾತು.

"ಯಾರನ್ನೂ ಸಂಬಳಕ್ಕೆ ಇಟ್ಕೋಬೇಡ ಕಣವ್ವ. ಕೆಲ್ಸ ಇದ್ದಾಗ ಕರಿ, ಮುಗಿದ್ಮೇಲೆ ಕೈ ಮುಗಿ" ಅಂತಿದ್ದೆ. ಹೊಳೆನರಸೀಪುರದಲ್ಲಿ ಅಡುಗೆ ಕಂಟ್ರಾಕ್ಟು ಅಂದರೆ ನೀನೇ. ಸೌಟು ಹಿಡಿಯೋದು, ದರ ಮಾತಾಡೋದು ಎರಡನ್ನೂ ನನಗೆ ಕಲಿಸಿದವನು. ಎದುರಾಡೋಕೆ ನನಗೆ ಬಾಯಿ ಎಲ್ಲಿತ್ತು? ಇತ್ತು, ಬಿಡು.

ಅವತ್ತು ಪಂಕ್ತಿ ಕೂತಿತ್ತು, ಸಾರು ಕುದೀತಿತ್ತು. ಕೆಂಪಮ್ಮ ಮುದ್ದೆ ಕೋಲು ಬದಿಗಿಟ್ಟು ಕೂತೇಬಿಟ್ಟಳು. "ರೇಟು ಜಾಸ್ತಿ ಮಾಡಣ್ಣ, ಆಮೇಲೆ ಇಟ್ಟು ತಿರುವ್ತೀನಿ."

"ಲೇ ಕೆಂಪಿ, ಕತ್ತಿನ ಮೇಲೆ ಕೂತ್ಕಂಡು ಕೇಳ್ತೀಯಲ್ಲೇ!"

"ಇನ್ಯಾವಾಗ ಕೇಳ್ಲಣ್ಣ? ಆಷಾಢದಾಗೆ ಒಂದು ಮದ್ವೆ ಇಲ್ಲ. ಆಗ ನಂಗೆ ಹಸಿವಾಗಕಿಲ್ವಾ?"

ಬೈಕೊಂಡೇ ನೀನು ಕೊಟ್ಟೆ. ಅವಳ ಆಷಾಢದ ಮಾತು ಮಾತ್ರ ನನ್ನ ಜೊತೆ ಮನೆಗೂ ಬಂತು.

ಮೊನ್ನೆ ನಿನ್ನ ಮಗಳು ಸುಧಾ ಬಂದಿದ್ದಳು. ಈಗ ಹಾಸನದ ಕಾಲೇಜಲ್ಲಿ ಅರ್ಥಶಾಸ್ತ್ರ ಹೇಳ್ತಾಳೆ. "ಎಲ್ಲಾ ಮಾರ್ಕೆಟ್ಟಲ್ಲೇ ಸಿಗೋವಾಗ ಕಂಪನಿ ಅನ್ನೋದು ಯಾಕಿರ್ಬೇಕು ಅಂತ ದೊಡ್ಡೋರು ತಲೆ ಕೆಡಿಸ್ಕೊಂಡಿದ್ದಾರೆ ಅತ್ತೆ. ಪ್ರತಿ ಸಲ ಆಳು ಹುಡುಕೋದು, ದರ ಕುದುರಿಸೋದು, ಅದೂ ಖರ್ಚೇ ಅಂತಾರೆ ಕೆಲವರು. ಕೊನೇ ಗಳಿಗೇಲಿ ಜುಟ್ಟು ಹಿಡ್ಕೋತಾರೆ ಅನ್ನೋ ಭಯ ಅಂತಾರೆ ಇನ್ನು ಕೆಲವರು. ನಾಳೆ ಕೆಲ್ಸ ಇರುತ್ತೋ ಇಲ್ವೋ ಅನ್ನೋ ಭಾರಾನ ಒಬ್ಬ ಹೊತ್ಕೊಂಡು ಉಳಿದೋರಿಗೆ ಸಂಬಳ ಕೊಡ್ತಾನೆ ಅನ್ನೋರೂ ಇದ್ದಾರೆ." ನಾನು ಮೂರಕ್ಕೂ ತಲೆಯಾಡಿಸಿದೆ, ಮೂರನೇದಕ್ಕೆ ಕೊಂಚ ಜೋರಾಗಿ.

ಯಾಕೆ ಗೊತ್ತಾ? ನೀನು ಕಣ್ಮುಚ್ಚಿದ ಮೇಲೆ ಕೆಂಪಮ್ಮನನ್ನು ಸಂಬಳಕ್ಕೆ ಇಟ್ಕೊಂಡೆ. ಈ ಆಷಾಢದಲ್ಲಿ ಸುಮ್ಮನೆ ಕೂತವಳಿಗೂ ಕೊಟ್ಟೆ. ಆಷಾಢ ಕಳೆಯುತ್ತಲೇ ಹಾಸನದ ಒಬ್ಬ ಕಂಟ್ರಾಕ್ಟರು ಒಂದು ಬೀಗರೂಟಕ್ಕೆ ಇಷ್ಟು ಅಂತ ಜಾಸ್ತಿ ಹೇಳಿ ಅವಳನ್ನು ಕರೆದ. ಒಪ್ಪಿಕೊಂಡ ಬೀಗರೂಟಗಳನ್ನೆಲ್ಲ ಅವಳಿಲ್ಲದೆ ಏನು ಮಾಡಲಿ?

"ಹೋಗ್ತೀಯಾ?"

"ಓಗಣಾಂತಿದ್ದೆ ಕಣಕ್ಕ. ಆಷಾಢದಾಗೇನು ಕೊಡ್ತೀಯಪ್ಪ ಅಂದೆ. ಫೋನ್ ಇಟ್ಬುಟ್ಟ."

ಶಾಮಿಯಾನ, ಪಾತ್ರೆ ಈಗಲೂ ಬಾಡಿಗೆಗೇ ಅಣ್ಣ. ಅಲ್ಲಿ ನಿನ್ನ ಮಾತೇ ಸರಿ. ಬೊಂಬು ಆಷಾಢದಲ್ಲಿ ಉಣ್ಣೋದಿಲ್ಲ.

ಒಟ್ಟು ಇಷ್ಟಾಯ್ತು. ಕೆಂಪಮ್ಮನಿಗೆ ವರ್ಷಪೂರ್ತಿ ಒಲೆ ಉರೀತು. ನನಗೆ ಲಾಭ ಇಳೀತು, ಪಂಕ್ತಿ ಕೂತಾಗ ಆಗ್ತಿದ್ದ ನಡುಕವೂ ಇಳೀತು. ಹಾಸನದವನು ಇನ್ನೂ ಮುದ್ದೆ ಕಟ್ಟೋರನ್ನ ಹುಡುಕ್ತಿದ್ದಾನೆ. ನಿನ್ನ ಪಾಲಿಗೆ, ಕೂತು ಬೈಯೋಕೆ, ಈ ಕಾಗದ.